ಮೈಕಿಗೆ ಹತ್ತಿರ, ಊರಿಗೆ ದೂರ

ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಬೆಂಗಳೂರಿನ ಗೋವಿಂದರಾಜನಗರದ ಅಯ್ಯಂಗಾರ್ ಬೇಕರಿಗಳ ಗಾಜಿನ ಕಪಾಟಿನಲ್ಲಿ ದಿಲ್‌ಪಸಂದ್, ಖಾರಾ ಬನ್ನುಗಳನ್ನು ಒತ್ತರಿಸಿಕೊಂಡು ಪ್ಲಮ್ ಕೇಕ್ ಬಂದು ಕೂರುತ್ತದೆ. ಮಾಗಡಿ ರಸ್ತೆ ಕಡೆಯ ದೊಡ್ಡ ಅಂಗಡಿಗಳಲ್ಲಿ ತೊಗರಿಬೇಳೆ, ಸೋಪಿನ ಪುಡಿ ಆರಿಸುತ್ತ ನಿಂತವರ ತಲೆಯ ಮೇಲೆ ಎಲ್ಲಿಂದಲೋ ಒಂದು ತಗ್ಗಿದ ಗಂಡುದನಿ ಇಳಿಯುತ್ತದೆ. ಅದು ಅಮೆರಿಕದ ಗಾಯಕರಾದ ಬಿಂಗ್ ಕ್ರಾಸ್ಬಿಯದೋ, ಡೀನ್ ಮಾರ್ಟಿನ್‌ನದೋ, ನ್ಯಾಟ್ ಕಿಂಗ್ ಕೋಲ್‌ನದೋ ಇರುತ್ತದೆ. ಆ ಕ್ರಿಸ್‌ಮಸ್ ಹಾಡಿನ ತುಂಬ ಹಿಮ, ಅಗ್ಗಿಷ್ಟಿಕೆ, ಜಾರುಬಂಡಿ. ಬೆಳಗಿನ ಚಳಿ 15 ಡಿಗ್ರಿಗೆ ಇಳಿದರೆ ಮಫ್ಲರ್ ಹುಡುಕುವ ನಮಗೂ ಈ ಹಿಮಕ್ಕೂ ಏನು ನಂಟು ಎಂದು ಯಾರಾದರೂ ನಕ್ಕರೆ ಆ ನಗುವಿನಲ್ಲಿ ತಪ್ಪಿಲ್ಲ. ಆದರೆ ಈ ಹಾಡುಗಳು ಹುಟ್ಟಿದ ಬಗೆಯನ್ನು ನೋಡಿದರೆ ನಗು ಸ್ವಲ್ಪ ತಡೆಯುತ್ತದೆ. ಇವು ಹಿಮದಲ್ಲಿ ನಿಂತವರ ಹಾಡುಗಳಲ್ಲ. ಊರು ಬಿಟ್ಟು ಬಂದವರು, ಬಿಸಿಲಲ್ಲಿ ಕೂತು, ಊರನ್ನು ನೆನೆದು ಕಟ್ಟಿದ ಹಾಡುಗಳು. ಹಾಗೆ ನೋಡಿದರೆ ಮಾಗಡಿ, ಕುಣಿಗಲ್, ಮಂಡ್ಯ, ಹಾಸನದ ಕಡೆಯಿಂದ ಬಂದು ಬೇರೂರಿದ, ‘ನಿಮ್ಮದು ಯಾವೂರು’ ಎಂದರೆ ಇವತ್ತಿಗೂ ಬೆಂಗಳೂರು ಎನ್ನದ ಜನ ತುಂಬಿರುವ ಬಡಾವಣೆಯಲ್ಲಿ ಅವು ಕೇಳಿಸುವುದು ಅಷ್ಟೇನೂ ವಿಚಿತ್ರವಲ್ಲ.

ಮೊದಲು ಈ ಗಾಯಕರ, ಅಂದರೆ ಕ್ರೂನರುಗಳ, ಕಸುಬಿನ ಮಾತು. ‘ಕ್ರೂನ್’ ಎಂಬುದು ಸ್ಕಾಟ್ಲೆಂಡ್ ಕಡೆಯ ಹಳೆಯ ಪದ. ಮಗುವನ್ನು ಮಲಗಿಸುವಾಗಿನಂತೆ ತಗ್ಗಿದ ದನಿಯಲ್ಲಿ ಗುನುಗುವುದು ಎಂದರ್ಥ. 1925ರವರೆಗೆ ಗ್ರಾಮಫೋನ್ ರೆಕಾರ್ಡು ಮಾಡಲು ದೊಡ್ಡ ಕಹಳೆಯ ಬಾಯಿಗೆ ಎದೆತುಂಬಿ ಕೂಗಬೇಕಿತ್ತು, ಮೆಲುದನಿಗೆ ಅಲ್ಲಿ ಎಡೆಯೇ ಇರಲಿಲ್ಲ. ಆ ವರ್ಷ ವಿದ್ಯುತ್ ಮೈಕ್ ರೆಕಾರ್ಡಿಂಗಿಗೆ ಬಂತು. ಮುಂದೆ 1930ರ ದಶಕದಲ್ಲಿ ರಿಬ್ಬನ್ ಮೈಕ್ ಬಂದಾಗ ಆಟವೇ ಬದಲಾಯಿತು. ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೆಳ್ಳಗಿನ ಅಲ್ಯೂಮಿನಿಯಂ ಪಟ್ಟಿ ತೂಗಿಬಿಟ್ಟಿರುವ ಈ ಯಂತ್ರಕ್ಕೆ ಒಂದು ಗುಣವಿದೆ. ಬಾಯಿ ಹತ್ತಿರ ತಂದಷ್ಟೂ ಅದು ದನಿಯ ಮಂದ್ರವನ್ನು ಉಬ್ಬಿಸಿ ಹಿಡಿಯುತ್ತದೆ. ಕಿವಿಯ ಪಕ್ಕ ಕೂತು ಮಾತಾಡಿದ ಹಾಗೆ ಕೇಳಿಸುತ್ತದೆ. ಕಷ್ಟವೂ ಅಲ್ಲೇ ಇದೆ. ‘ಪ’, ‘ಬ’ ಬಂದ ಕೂಡಲೇ ಉಸಿರು ಪಟ್ಟಿಗೆ ಬಡಿದು ‘ಬುಡ್’ ಎನ್ನುತ್ತದೆ. ನಮ್ಮ ಮಹಾಪ್ರಾಣಗಳಾಗಿದ್ದರೆ ಇನ್ನೂ ಫಜೀತಿ. ಆ ಅಕ್ಷರ ಬರುವಾಗ ಮುಖವನ್ನೋ ಮೈಕನ್ನೋ ಕೂದಲೆಳೆಯಷ್ಟು ಓರೆ ಮಾಡಿ ಮತ್ತೆ ಜಾಗಕ್ಕೆ ತರುವುದು ಕ್ರೂನರನ ಕೈಚಳಕ. 1940ರಿಂದ 42ರವರೆಗೆ ಟಾಮಿ ಡಾರ್ಸಿಯ ಬ್ಯಾಂಡಿನಲ್ಲಿ ಹಾಡುತ್ತಿದ್ದ ಫ್ರಾಂಕ್ ಸಿನಾತ್ರಾ, ಟ್ರಾಂಬೋನ್ ನುಡಿಸುವ ಡಾರ್ಸಿ ಎಲ್ಲಿ ಉಸಿರು ಎಳೆಯುತ್ತಾರೆಂದು ಗೊತ್ತೇ ಆಗದಂತೆ ಸಾಲಿಗೆ ಸಾಲು ಹೆಣೆಯುವುದನ್ನು ನೋಡಿ ನೋಡಿ ಕಲಿತರು. ಇನ್ನು ಈ ಹಾಡುಗಳಲ್ಲಿನ ಸ್ವಿಂಗ್ ಎಂದರೆ, ಸಮನಾಗಿ ಬೀಳಬೇಕಾದ ಎರಡು ಅಕ್ಷರಗಳಲ್ಲಿ ಮೊದಲನೆಯದನ್ನು ಎಳೆದು ಎರಡನೆಯದನ್ನು ಮೊಟಕು ಮಾಡುವ ನಡೆ. ತಿಶ್ರಕ್ಕೆ ವಾಲಿದ ಚತುರಶ್ರ ಎನ್ನಬಹುದೇನೋ. ಬ್ಯಾಂಡು ಆ ತೂಗಾಟದಲ್ಲಿ ಸಾಗುವಾಗ ಹಾಡುವವನು ಪೆಟ್ಟು ಬಿದ್ದ ಮೇಲೆ ಅರೆಕ್ಷಣ ತಡೆದು ಸಾಹಿತ್ಯ ಎತ್ತಿಕೊಳ್ಳುತ್ತಾನೆ. ಕೇಳುವವರಿಗೆ ಅದು ಸೋಮಾರಿತನದಂತೆ ಕಂಡರೂ ತಾಳದ ಮೇಲೆ ಹಿಡಿತ ಇಲ್ಲದವರಿಂದ ಆಗುವ ಕೆಲಸವಲ್ಲ.

ಈ ದನಿ ಕ್ರಿಸ್‌ಮಸ್ಸಿಗೆ ಬಂದು ಕೂತ ಕಥೆಯಲ್ಲಿ ಹಿಮ ಹುಡುಕಿದರೂ ಸಿಗುವುದಿಲ್ಲ. ‘ವೈಟ್ ಕ್ರಿಸ್‌ಮಸ್’ ಬರೆದು ರಾಗ ಹಾಕಿದ ಅರ್ವಿಂಗ್ ಬರ್ಲಿನ್, ರಷ್ಯಾ ಸಾಮ್ರಾಜ್ಯದಿಂದ ಐದನೇ ವಯಸ್ಸಿಗೆ ನ್ಯೂಯಾರ್ಕಿಗೆ ಬಂದಿಳಿದ ಯೆಹೂದಿ ಕುಟುಂಬದ ಹುಡುಗ. ಕ್ರಿಸ್‌ಮಸ್ ಅವರ ಮನೆಹಬ್ಬವೇ ಅಲ್ಲ. ಸಾಲದ್ದಕ್ಕೆ, ಅವರ ಮೂರು ವಾರದ ಗಂಡುಕೂಸು ತೀರಿಕೊಂಡದ್ದು 1928ರ ಡಿಸೆಂಬರ್ 25ರಂದು. ಕ್ರಾಸ್ಬಿ ಆ ಹಾಡನ್ನು 1941ರ ಕ್ರಿಸ್‌ಮಸ್ ದಿನ ರೇಡಿಯೋದಲ್ಲಿ ಮೊದಲು ಹಾಡಿ, 1942ರ ಮೇ 29ರಂದು ಲಾಸ್ ಏಂಜಲೀಸಿನ ಬಿಸಿಲಲ್ಲಿ ರೆಕಾರ್ಡು ಮಾಡಿದರು. ಪೆಸಿಫಿಕ್ ದ್ವೀಪಗಳ ಸೆಕೆಯಲ್ಲಿ ಬೆವರುತ್ತಿದ್ದ ಅಮೆರಿಕದ ಸೈನಿಕರು ಸೇನಾ ರೇಡಿಯೋಗೆ ಬರೆದು ಬರೆದು ಅದನ್ನೇ ಕೇಳಿದರು. ಒತ್ತಿ ಒತ್ತಿ ಮೂಲ ಅಚ್ಚೇ ಸವೆದು, 1947ರ ಮಾರ್ಚಿನಲ್ಲಿ ಮತ್ತೆ ಹಾಡಿಸಬೇಕಾಯಿತು. ಈಗ ಅಂಗಡಿಗಳಲ್ಲಿ ಕೇಳುವುದು ಬಹುಮಟ್ಟಿಗೆ ಆ ಎರಡನೆಯದು. ಮೆಲ್ ಟಾರ್ಮೆ ಮತ್ತು ಬಾಬ್ ವೆಲ್ಸ್ ‘ದ ಕ್ರಿಸ್‌ಮಸ್ ಸಾಂಗ್’ ಬರೆದದ್ದೂ, ಸ್ಯಾಮಿ ಕಾನ್ ಮತ್ತು ಜೂಲಿ ಸ್ಟೈನ್ ‘ಲೆಟ್ ಇಟ್ ಸ್ನೋ’ ಬರೆದದ್ದೂ 1945ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ಧಗೆ ತಾಳಲಾರದೆ.

ದೇವರಿಲ್ಲದ ಹಬ್ಬದ ಹಾಡು ಎಂತಹ ಹಾಡು ಎಂಬ ಆಕ್ಷೇಪವಿದೆ. ಧರ್ಮದ ಕಡೆಯಿಂದ ಈ ದನಿಗೆ ಬೈಗುಳವೂ ಹೊಸದಲ್ಲ. ಬಾಸ್ಟನ್ನಿನ ಕಾರ್ಡಿನಲ್ ಒ’ಕಾನೆಲ್ 1932ರಲ್ಲೇ ಕ್ರೂನರುಗಳ ದನಿಯನ್ನು ಗಂಡಸುತನವಿಲ್ಲದ ಕೊರಗು ಎಂದು ಹಳಿದಿದ್ದರು. ಗೋದಲಿಯ ಮುಂದೆ ನಿಂತು ಹಾಡುವ ನಮ್ಮ ಕನ್ನಡ ಕ್ರೈಸ್ತರ ಕ್ಯಾರಲ್ ಗೀತೆಗಳ ಪಕ್ಕದಲ್ಲಿಟ್ಟರೆ ಇವು ಪೊಳ್ಳೆನಿಸಬಹುದು. ಇವುಗಳಿಂದ ರೆಕಾರ್ಡು ಕಂಪನಿಗಳು ಪ್ರತಿ ವರ್ಷ ದುಡ್ಡು ಮಾಡಿದ್ದೂ ನಿಜ. ಆದರೆ ಮಾರಾಟವಾಯಿತು ಎಂಬಷ್ಟಕ್ಕೇ ಹಾಡು ಸುಳ್ಳಾಗುವುದಿಲ್ಲ. ನ್ಯಾಟ್ ಕಿಂಗ್ ಕೋಲ್ ಅವರನ್ನೇ ನೋಡಿ. ‘ದ ಕ್ರಿಸ್‌ಮಸ್ ಸಾಂಗ್’ ಎಂಬ, ಮನೆಯೊಳಗಿನ ಬೆಚ್ಚನೆಯ ಹಾಡನ್ನು 1946ರಿಂದ 1961ರವರೆಗೆ ನಾಲ್ಕು ಸಲ ರೆಕಾರ್ಡು ಮಾಡಿದವರು ಅವರು. 1948ರಲ್ಲಿ ಲಾಸ್ ಏಂಜಲೀಸಿನ ಹ್ಯಾನ್‌ಕಾಕ್ ಪಾರ್ಕಿನಲ್ಲಿ ಮನೆ ಕೊಂಡಾಗ, ಕಪ್ಪು ಜನ ಇಲ್ಲಿ ಬೇಡವೆಂದು ನೆರೆಯವರು ಅಡ್ಡ ನಿಂತರು. ಅಗ್ಗಿಷ್ಟಿಕೆಯ ಹಾಡು ಅದೇ ಕೊರಳಿನಿಂದ ಬಂದದ್ದು ಎಂದು ತಿಳಿದ ಮೇಲೆ ಅದನ್ನು ಬರೀ ಅಂಗಡಿ ಸರಕು ಎನ್ನುವುದು ಕಷ್ಟ. ‘ಹ್ಯಾವ್ ಯುವರ್‌ಸೆಲ್ಫ್ ಎ ಮೆರಿ ಲಿಟಲ್ ಕ್ರಿಸ್‌ಮಸ್’ ಹಾಡನ್ನು 1957ರಲ್ಲಿ ಸಿನಾತ್ರಾ ಹಾಡುವ ಮುನ್ನ, ಅದರ ಅಳುಬುರುಕ ಸಾಲೊಂದನ್ನು ಗೆಲುವಾಗಿ ತಿದ್ದಿಕೊಡಿ ಎಂದು ಕವಿ ಹ್ಯೂ ಮಾರ್ಟಿನ್‌ರನ್ನು ಕೇಳಿಕೊಂಡರು. ಸಾಲು ಬದಲಾಯಿತು, ದನಿಯಲ್ಲಿನ ವಿಷಾದ ಹೋಗಲಿಲ್ಲ. ಮೈಕಿಗೆ ಅಷ್ಟು ಹತ್ತಿರ ನಿಂತವರು ನಟಿಸಿ ಪಾರಾಗುವುದು ಸುಲಭವಲ್ಲ.

ಇದೆಲ್ಲ ಅವರದಾಯಿತು, ಕನ್ನಡಕ್ಕೇನು ಎಂದರೆ ಪಿ.ಬಿ. ಶ್ರೀನಿವಾಸ್ ಇದ್ದಾರೆ. ಕಾಕಿನಾಡದಲ್ಲಿ 1930ರಲ್ಲಿ ಹುಟ್ಟಿ, ಮದರಾಸಿನಲ್ಲಿ ನೆಲೆಸಿ, ದಶಕಗಳ ಕಾಲ ರಾಜ್‌ಕುಮಾರ್ ಅವರಿಗೆ ಕೊರಳಾದವರು. ಅದಕ್ಕೂ ಮುಂಚಿನ ಕಂಪನಿ ನಾಟಕದ ಗಾಯನ ಕೊನೆಯ ಸಾಲಿನ ನಾಲ್ಕಾಣೆ ಗಿರಾಕಿಗೆ ಮುಟ್ಟಬೇಕಾದ ಗಾಯನ, ಹಾಗಾಗಿ ತಾರದ ಕಡೆಗೇ ಅದರ ಓಟ. ಪಿ.ಬಿ.ಎಸ್. ಕೆಳಗಿಳಿದರು. ‘ಭಕ್ತ ಕನಕದಾಸ’ದಲ್ಲಿ (1960) ಮುಚ್ಚಿದ ಬಾಗಿಲ ಮುಂದೆ ನಿಂತ ಕನಕನ ಮೊರೆಯನ್ನು ಅವರು ಕೂಗಿ ಹೇಳುವುದಿಲ್ಲ, ಬಾಗಿಲಿಗೆ ಹಣೆ ಹಚ್ಚಿ ಹೇಳಿದಂತಿದೆ. ಕನ್ನಡ ನಾಡಿನ ಹಾಡುಗಳು ಮದರಾಸಿನ ಸ್ಟುಡಿಯೋಗಳಲ್ಲಿ, ತೆಲುಗು ನಾಡಿನ ಕೊರಳಲ್ಲಿ ತಯಾರಾದ ಕಾಲ ಅದು. ‘ವಿಜಯನಗರದ ವೀರಪುತ್ರ’ಕ್ಕೆ (1961) ಅವರು ಹಾಡಿದ ನಾಡಿನ ಹೊಗಳಿಕೆಯ ಹಾಡು ಪ್ರತಿ ನವೆಂಬರಿನಲ್ಲಿ ಬೆಂಗಳೂರಿನ ವಿಜಯನಗರ, ಮೂಡಲಪಾಳ್ಯದ ಶಾಮಿಯಾನಗಳ ಕೆಳಗೆ ಮರಳಿ ಬರುತ್ತದೆ, ಅಮೆರಿಕದಲ್ಲಿ ಡಿಸೆಂಬರಿಗೆ ಕ್ರಾಸ್ಬಿ ಮರಳುವ ಹಾಗೆ. ನಮ್ಮ ರಾಜ್ಯೋತ್ಸವಕ್ಕೂ ಒಂದು ಋತುವಿದೆ, ಆ ಋತುವಿಗೂ ಕೆಲವು ಖಾಯಂ ದನಿಗಳಿವೆ.

ಪಿ.ಬಿ.ಎಸ್. ಹಾಡಿನಲ್ಲಿ ಸ್ವಿಂಗ್ ಎಲ್ಲಿದೆ ಎಂದು ಕೇಳಿದರೆ ಒಪ್ಪಿಕೊಳ್ಳಬೇಕು, ಇಲ್ಲ. ಅವರ ಹಾಡಿಕೆಯ ನಡಿಗೆ ಬೇರೆ, ಗಮಕ ಬೇರೆ. ಕ್ರೂನರ್ ಎಂಬ ಹೆಸರನ್ನು ಅವರ ಹಣೆಗೆ ಅಂಟಿಸುವ ಉದ್ದೇಶವೂ ಇಲ್ಲಿಲ್ಲ. ಒಂದೇ ಯಂತ್ರದ ಮುಂದೆ ನಿಂತ ಎರಡು ನಾಡಿನ ಕೊರಳುಗಳು ಒಂದೇ ಉಪಾಯ ಕಂಡುಕೊಂಡವು ಎಂಬಷ್ಟೇ ಹೋಲಿಕೆ. ತೂಗಾಟವೇ ಬೇಕೆಂದರೆ ‘ಆಪರೇಷನ್ ಡೈಮಂಡ್ ರಾಕೆಟ್’ (1978) ಇದೆ. ಆ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಸಂಗೀತದ ಒಂದು ಪೂರಾ ಇಂಗ್ಲಿಷ್ ಹಾಡನ್ನು ರಾಜ್‌ಕುಮಾರ್ ತಾವೇ ಹಾಡಿದರು. ಗುಬ್ಬಿ ಕಂಪನಿಯ ರಂಗದ ಮೇಲೆ ದನಿ ತೆರೆದ, ಮೇಷ್ಟರ ಬಳಿ ಇಂಗ್ಲಿಷ್ ಹೆಚ್ಚು ಕಲಿಯದ ಗಾಜನೂರಿನ ಮನುಷ್ಯ ಮೈಕಿನ ಮುಂದೆ ಎಷ್ಟು ನಿರಾಳವಾಗಿ, ಎಷ್ಟು ತುಂಟತನದಿಂದ ಆ ಪರಭಾಷೆಯ ಪದಗಳನ್ನು ತೇಲಿಸುತ್ತಾರೆಂದರೆ, ಇದನ್ನು ಅನುಕರಣೆ ಎನ್ನುವವರು ಹಾಡನ್ನು ಮತ್ತೊಮ್ಮೆ ಕೇಳಬೇಕು.

ಇನ್ನು ಹಿಮದ ವಿಷಯ. ಬರ್ಲಿನ್ ಬರೆದ ‘ವೈಟ್ ಕ್ರಿಸ್‌ಮಸ್’ಗೆ ಆರಂಭದಲ್ಲಿ ಇನ್ನೊಂದು ನುಡಿ ಇತ್ತು. ಡಿಸೆಂಬರ್ 24ರಂದು ಬೆವರ್ಲಿ ಹಿಲ್ಸ್‌ನಲ್ಲಿರುವ ಒಬ್ಬಾತ ಸುತ್ತಲೂ ನೋಡುತ್ತಾನೆ. ಬಿಸಿಲಿದೆ, ಹುಲ್ಲು ಹಸಿರಾಗಿದೆ, ತಾಳೆಯ ಜಾತಿಯ ಮರಗಳು ಗಾಳಿಗೆ ತೂಗುತ್ತಿವೆ. ಅದಕ್ಕೇ ಅವನಿಗೆ ಬಡಗಣದ ಊರು ನೆನಪಾಗುತ್ತದೆ. ಕ್ರಾಸ್ಬಿಯ ರೆಕಾರ್ಡಿನಲ್ಲಿ ಆ ನುಡಿಯನ್ನು ಬಿಟ್ಟಿದ್ದಾರೆ.