ಹಬ್ಬದ ಇಮೇಲ್ ಸ್ಪ್ಯಾಮಿಗೇಕೆ ಬೀಳುವುದು?

ಇಳಕಲ್ ಸೀರೆಯ ವ್ಯಾಪಾರಿಗಳು ದೀಪಾವಳಿಗೆ ಮುನ್ನ ಕಳುಹುವ ಇಮೇಲ್‌ಗಳು ಸ್ಪ್ಯಾಮ್ ಪೆಟ್ಟಿಗೆಗೆ ಸೇರುವುದೇಕೆ?
— ಓದುಗರೊಬ್ಬರು, ಹುನಗುಂದ

ಪತ್ರದ ಒಕ್ಕಣೆಗಿಂತ ಮಿಗಿಲಾಗಿ, ಅದನ್ನು ಕಳುಹಿದವರ ಪೂರ್ವಚರಿತ್ರೆಯನ್ನೇ ಜೀಮೇಲ್ ಮೊದಲಾದ ಸೇವೆಗಳು ಪರಿಶೀಲಿಸುವುವು. ಕಿರಾಣಿ ಅಂಗಡಿಯವನು ಹೊಸಬನಿಗೆ ಮೊದಲು ಅಲ್ಪ ಉದ್ದರಿಯನ್ನಿತ್ತು, ಅದು ಸಂದಾಯವಾಗುತ್ತ ಬಂದಂತೆ ಹೆಚ್ಚಿಸುವನಷ್ಟೆ. ಅಂತೆಯೇ, ವರ್ಷವಿಡೀ ಮೌನದಿಂದಿದ್ದ ವಿಳಾಸದಿಂದ ಹಬ್ಬದ ವಾರದಲ್ಲಿ ಸಹಸ್ರಾರು ಪತ್ರಗಳು ಏಕಕಾಲಕ್ಕೆ ಹೊರಟಲ್ಲಿ ಸಂಶಯವುಂಟಾಗುವುದು ಸಹಜ. ಆದುದರಿಂದ ಶ್ರಾವಣದಿಂದಲೇ, ಪತ್ರಗಳನ್ನು ತೆರೆದೋದುವ ಹಳೆಯ ಗ್ರಾಹಕರಿಂದಾರಂಭಿಸಿ, ಸಂಖ್ಯೆಯನ್ನು ಕ್ರಮೇಣ ಏರಿಸತಕ್ಕದ್ದು. ಬಳಕೆ ತಪ್ಪಿದ ವಿಳಾಸಗಳನ್ನು ಪಟ್ಟಿಯಿಂದ ತೆಗೆಯತಕ್ಕದ್ದು. ಜೀಮೇಲ್ ಖಾತೆಗಳಿಗೆ ದಿನವೊಂದಕ್ಕೆ 5,000ಕ್ಕೆ ಮೇಲ್ಪಟ್ಟು ಕಳುಹುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ದೃಢೀಕರಣಗಳನ್ನೂ, ಒಂದೇ ಕ್ಲಿಕ್ಕಿನಿಂದ ಪಟ್ಟಿಯನ್ನು ಬಿಡುವ ಸೌಕರ್ಯವನ್ನೂ ಒದಗಿಸಬೇಕೆಂಬ ನಿಯಮವು 2024ರಲ್ಲಿ ಜಾರಿಗೆ ಬಂದಿದೆ. 1,000 ಪತ್ರಗಳಲ್ಲಿ 3ನ್ನು ಓದುಗರು ಸ್ಪ್ಯಾಮೆಂದು ದೂರಿದರೂ ಕಳುಹಿದವರ ವಿಶ್ವಾಸಾರ್ಹತೆ ಕುಂದುವುದು.