ಅತ್ತಿರಂಪಾಕ್ಕಂನ ಜೇಡಿ, ಮಿಂಜೂರಿನ ಉಪ್ಪು

ಚೆನ್ನೈನಲ್ಲಿ ಮನೆ ಹುಡುಕುವಾಗ ಬಾಡಿಗೆಗೂ ಮೊದಲು ನಾವು ಕೇಳುವುದು, “ಬೋರ್ ನೀರು ಉಪ್ಪಾ?” ಅಂತ. ನಗರಕ್ಕೆ ನೀರು ಕೊಡುವ ಪೂಂಡಿ ಜಲಾಶಯ ಇರುವುದು ಕೊಸಸ್ತಲೈ ನದಿಗೆ. ಈ ಪ್ರಶ್ನೆಯ ಹಳೆಯ ಕಡತವೂ ಅದೇ ನದಿಯ ಬಯಲಿನಲ್ಲಿದೆ.

ಚೆನ್ನೈಯಿಂದ ಸುಮಾರು 60 ಕಿ.ಮೀ. ವಾಯವ್ಯಕ್ಕೆ ಅತ್ತಿರಂಪಾಕ್ಕಂ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅಲ್ಲಿ ಶಿಲಾಯುಗದ ಆಯುಧಗಳನ್ನು ಗುರುತಿಸಿದರು. (ನಮ್ಮ ಕಡೆಯ ಪುರಾತನ ಶಿಲಾಸ್ತರಗಳಿಗೆ ಧಾರವಾಡದ ಹೆಸರಿಟ್ಟವರೂ ಇವರೇ.) ಅಲ್ಲಿನ ದಪ್ಪ ಜೇಡಿಪದರ ಡೈನೋಸಾರ್ ಕಾಲದ ಶೇಲ್ ಎಂದೇ ಬಹುಕಾಲ ನಂಬಲಾಗಿತ್ತು. 1999ರಿಂದ ಅಗೆದ ಶಾಂತಿ ಪಪ್ಪು ಅವರ ತಂಡಕ್ಕೆ ಆ ಜೇಡಿಯೊಳಗೇ ಕೈಗೊಡಲಿಗಳು ಸಿಕ್ಕವು. ಅಂದರೆ ಅದು ನದಿ ಉಕ್ಕಿದಾಗ ಮೆಲ್ಲಗೆ ಹರಡಿ ಕೂತ ಕೆಸರು. ಕುದುರೆ, ಎಮ್ಮೆ ಜಾತಿಯ ಹಲ್ಲುಗಳೂ ದೊರೆತದ್ದರಿಂದ ಸುತ್ತ ತೇವದ ಬಯಲು ಇತ್ತೆಂದು ಊಹಿಸಿದರು.

ವಯಸ್ಸು ಲೆಕ್ಕ ಹಾಕಿದ ಬಗೆ ಸೊಗಸಾಗಿದೆ. ಬಿಸಿಲಿಗೆ ಬಿದ್ದ ಕಲ್ಲಿನ ಸ್ಫಟಿಕದಲ್ಲಿ ಬಾಹ್ಯಾಕಾಶದ ಕಿರಣಗಳು ಅಲ್ಯೂಮಿನಿಯಂ, ಬೆರಿಲಿಯಂಗಳ ವಿಕಿರಣಶೀಲ ರೂಪಗಳನ್ನು ಉಂಟುಮಾಡುತ್ತವೆ. ಕಲ್ಲು ಹೂತುಹೋದರೆ ಉತ್ಪಾದನೆ ನಿಲ್ಲುತ್ತದೆ. ಎರಡೂ ಬೇರೆ ಬೇರೆ ವೇಗದಲ್ಲಿ ಕರಗುತ್ತವೆ. ಉಳಿದ ಅನುಪಾತವೇ ಗಡಿಯಾರ. 2011ರಲ್ಲಿ ಬಂದ ಉತ್ತರ: ಸರಾಸರಿ 15 ಲಕ್ಷ ವರ್ಷ, ಕನಿಷ್ಠವೆಂದರೂ 10 ಲಕ್ಷದ ಮೇಲೆ.

ಹತ್ತಿರದ ಗುಡಿಯಂ ಗುಹೆಗಳಿಗೂ ಹೋಗಬಹುದು. ಆದರೆ ಅವು ಸುಣ್ಣಕಲ್ಲಿನವಲ್ಲ, ಉರುಟುಕಲ್ಲು ಬೆಸೆದ ಬಂಡೆ. ಹನಿಹನಿಯಾಗಿ ಬೆಳೆದು ಮಳೆಯ ದಾಖಲೆ ಬರೆಯುವ ಸುಣ್ಣದ ಕಂಬಗಳನ್ನು ಅಲ್ಲಿ ಹುಡುಕಬೇಡಿ.

ಇದೇ ನದಿ ಸಮುದ್ರದತ್ತ ಹೋಗುತ್ತಾ ಹಿಂದೆ ಬಿಟ್ಟ ಮರಳಿನಲ್ಲಿ ಸಿಹಿನೀರು ತುಂಬಿತ್ತು. ಮಿಂಜೂರು ಸುತ್ತ ಬಾವಿ ಕೊರೆದು ನಗರಕ್ಕೂ ಕಾರ್ಖಾನೆಗಳಿಗೂ ಎತ್ತಿದೆವು. ಹಗುರವಾದ ಸಿಹಿನೀರು ಕಡಿಮೆಯಾದಂತೆ ಭಾರವಾದ ಸಮುದ್ರದ ನೀರು ಒಳನುಗ್ಗಿತು. ಲಕ್ಷಾಂತರ ವರ್ಷಗಳ ದಾಖಲೆಯನ್ನು ಜೇಡಿ ಇಟ್ಟುಕೊಂಡಿದ್ದರೆ, ಕೆಲವೇ ದಶಕಗಳ ನಮ್ಮ ಕೆಲಸವನ್ನು ಬಾವಿಗಳು ಉಪ್ಪಿನಲ್ಲಿ ಬರೆದಿಟ್ಟಿವೆ.

2019ರ ಬೇಸಿಗೆ ನೆನಪಿದೆಯಲ್ಲ? ಕೆರೆಗಳು ಒಣಗಿ, ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂತು. ಕಾವೇರಿ ನೀರು! ಬೆಂಗಳೂರಿಗೆ ಹೋಗಿಬರುವಾಗ ನಾವು ಹಾದುಹೋಗುವ ಅದೇ ಸ್ಟೇಷನ್.

ಮುಂದಿನ ಸಲ ಮನೆ ನೋಡುವಾಗ ಬೋರಿನ ಆಳದ ಜೊತೆ ಇಂಗುಗುಂಡಿಯನ್ನೂ ಕೇಳಿ ನೋಡಿ. 2003ರಿಂದ ತಮಿಳುನಾಡಿನಲ್ಲಿ ಮಳೆನೀರು ಕೊಯ್ಲು ಕಡ್ಡಾಯ. ನಮ್ಮ ಕಟ್ಟಡದ ಗುಂಡಿಯ ಮೇಲೆ ಸದ್ಯ ಎರಡು ಸ್ಕೂಟರ್ ನಿಂತಿವೆ.