ಭೀಮಾತೀರದಿಂದ ಬಂದ ನಗೆ



ತಾನೇ ಬರೆದು, ತಾನೇ ವೇಷ ಕಟ್ಟಿ, ಸಣ್ಣ ಸಣ್ಣ ಪ್ರಸಂಗಗಳಿಂದ ಜನರನ್ನು ನಗಿಸುವ ಕಲಾವಿದರ ಪರಂಪರೆಯೊಂದು ಆಂಗ್ಲರಲ್ಲಿ ಬಹುಕಾಲದಿಂದ ನಡೆದುಬಂದಿರುವದು. ೧೮೮೯ರಲ್ಲಿ ಹುಟ್ಟಿ ಲಂಡನ್ನಿನ ಬಡ ಓಣಿಗಳಲ್ಲಿ ಬೆಳೆದ ಚಾರ್ಲಿ ಚಾಪ್ಲಿನ್ನನು ಚಲಚ್ಚಿತ್ರಕ್ಕೆ ಹೋಗುವದಕ್ಕಿಂತ ಮೊದಲು ಫ್ರೆಡ್ ಕಾರ್ನೋ ಎಂಬವನ ಮಂಡಳಿಯಲ್ಲಿ ಇಂಥ ಪ್ರಸಂಗಗಳನ್ನಾಡಿಯೇ ಪಳಗಿದನು. ಈ ಸಂಗತಿಯನ್ನು ಮೊನ್ನೆ ಮನೆಯಲ್ಲಿ ಹೇಳುತ್ತಿರುವಾಗ ನನ್ನ ಮೊಮ್ಮಗಳು, "ಅಜ್ಜಾ, ನಮ್ಮ ಕಡೆ ಅಂಥವ್ರು ಯಾರೂ ಆಗಿಲ್ಲೇನು?" ಎಂದು ಕೇಳಿಬಿಟ್ಟಳು.

ಇಲ್ಲದೇನು? ನಮ್ಮ ದೊಡ್ಡಾಟದ ಸಾರಥಿಯನ್ನು ನೆನೆಯಿರಿ. ಭುಜಕೀರ್ತಿ ಕಿರೀಟಗಳ ಭಾರದಿಂದ ರಾಜನು ಅಬ್ಬರಿಸುತ್ತಿರುವಾಗ ಒಂದೇ ಒಂದು ಗಾವಟಿ ಮಾತನ್ನು ನಡುವೆ ಎಸೆದು, ಆ ಅಬ್ಬರವನ್ನೆಲ್ಲ ಇಳಿಸಿಬಿಡುವ ಆ ಪುಣ್ಯಾತ್ಮನು ಯಾವ ದೇಶದ ನಗೆಗಾರನಿಗೂ ಕಡಿಮೆಯಲ್ಲ. ನಾಟಕ ಕಂಪನಿಗಳ ಕಾಲದಲ್ಲಿ ಗಂಭೀರ ಕಥೆಯ ನಡುನಡುವೆ ಬರುತ್ತಿದ್ದ ಫಾರ್ಸಿನ ನಟರೂ ಅದೇ ಕುಲದವರು. ಆದರೆ ಬರವಣಿಗೆ, ನಟನೆ, ಪಾಂಡಿತ್ಯ ಮೂರೂ ಒಬ್ಬನಲ್ಲಿಯೇ ಕೂಡಿದ್ದನ್ನು ತೋರಿಸೆಂದರೆ, ವಿಜಯಪುರ ಸೀಮೆಯವನಾದ ನಾನು ದೂರ ಹುಡುಕಬೇಕಾಗಿಲ್ಲ. ಇದೇ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಭೀಮಾನದಿಯ ದಂಡೆಯ ಮೇಲಿರುವ ಅಗರಖೇಡದಲ್ಲಿ ೧೯೦೪ನೆಯ ಇಸವಿಯ ಸಪ್ಟಂಬರ ೨೬ರಂದು ಜನಿಸಿದ ಆದ್ಯ ರಂಗಾಚಾರ್ಯರೇ ಅವರು. 'ಶ್ರೀರಂಗ' ಎಂಬ ಕಾವ್ಯನಾಮದಿಂದ ಕನ್ನಡಿಗರಿಗೆಲ್ಲ ಪರಿಚಿತರು.

ಅವರ ಮೊದಲಿನ ಅಡ್ಡಹೆಸರು ಜಾಗೀರದಾರ. ಪುಣೆಯಲ್ಲಿ ಓದಿದ ತರುವಾಯ ೧೯೨೫ರ ಸುಮಾರಿಗೆ ಲಂಡನ್ನಿಗೆ ಹೋಗಿ, ಅಲ್ಲಿಯ ಪ್ರಾಚ್ಯವಿದ್ಯಾಶಾಲೆಯಲ್ಲಿ ಅಭ್ಯಾಸ ಮಾಡಿ, ೧೯೨೮ರಲ್ಲಿ ಮರಳಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾದರು. ಸಂಸ್ಕೃತ ಕಲಿಯಲಿಕ್ಕೆ ಲಂಡನ್ನಿಗೆ ಹೋಗುವದೆಂದರೆ ಆಗಿನ ನಮ್ಮ ಹಿರಿಯರಿಗೆ ಅದೇ ಒಂದು ಪ್ರಹಸನವಾಗಿ ಕಂಡಿರಬೇಕು! ಅತ್ತ ಮೈಸೂರು ಸೀಮೆಯಿಂದ ಇವರಿಗಿಂತ ಮೊದಲು ಕೈಲಾಸಂ ಅವರು ಭೂಗರ್ಭಶಾಸ್ತ್ರವನ್ನೋದಲು ಅದೇ ಪಟ್ಟಣಕ್ಕೆ ಹೋಗಿದ್ದರು. ಒಬ್ಬರು ಕಲ್ಲುಗಳನ್ನು ಕುರಿತು ಕಲಿಯಲು ಹೋದರು, ಇನ್ನೊಬ್ಬರು ಶಬ್ದಗಳನ್ನು ಕುರಿತು. ಇಬ್ಬರೂ ನಾಟಕದ ಹುಚ್ಚನ್ನು ಹೊತ್ತು ತಂದರು. ಇಬ್ಸೆನ್ ಮತ್ತು ಬರ್ನಾರ್ಡ್ ಶಾ ಇವರ ನಾಟಕಗಳು ಆ ಕಾಲದ ಇಂಗ್ಲಂಡದ ವಿಚಾರವಂತರನ್ನು ಕಲಕುತ್ತಿದ್ದವು. ರಂಗದ ಮೇಲೆ ದೇವತೆಗಳೂ ರಾಜರೂ ಇರದೆ ನಮ್ಮ ನಿಮ್ಮಂಥ ಗೃಹಸ್ಥರೇ ನಿಂತು ವಾದಿಸಬಹುದೆಂಬುದನ್ನು ಶ್ರೀರಂಗರು ಅವರಿಂದ ಕಲಿತರು. ಹಾಡಿಲ್ಲದೆ, ಜರತಾರಿಯ ಪರದೆಯಿಲ್ಲದೆ, ಪಡಸಾಲೆಯ ಕನ್ನಡದಲ್ಲಿ ನಾಟಕ ನಡೆಯಬಹುದೆಂದು ಉತ್ತರ ಕರ್ನಾಟಕಕ್ಕೆ ತೋರಿಸಿದವರಲ್ಲಿ ಅವರು ಅಗ್ರಗಣ್ಯರು. ಹವ್ಯಾಸಿ ಮಂಡಳಿಗಳನ್ನು ಕಟ್ಟಿ, ಆಡಿಸಿ, ತಾವೂ ಬಣ್ಣ ಹಚ್ಚಿದರು.

ಅವರ ನಗೆ ನಾಟಕದ ಹೆಸರಿನಿಂದಲೇ ಸುರುವಾಗುವದು. 'ಪ್ರಪಂಚ ಪಾಣಿಪತ್ತು' ಎಂಬ ಹೆಸರನ್ನು ನೋಡಿರಿ. ನಮ್ಮ ಕಡೆ ಪ್ರಪಂಚ ಮಾಡುವದೆಂದರೆ ಸಂಸಾರ ಮಾಡುವದು. ಅದಕ್ಕೆ ಪಾಣಿಪತ್ತದ ರಣರಂಗವನ್ನು ಜೋಡಿಸಿದ ಮೇಲೆ ಲಗ್ನವಾದವರಿಗೆ ವ್ಯಾಖ್ಯಾನ ಬೇಕಾಗುವದಿಲ್ಲ. ೧೯೫೨ರ 'ಶೋಕಚಕ್ರ' ಇನ್ನೂ ಸೂಕ್ಷ್ಮವಾದದ್ದು. ಸ್ವಾತಂತ್ರ್ಯ ಬಂದು ಐದೇ ವರ್ಷ. ಧ್ವಜದ ಮೇಲಿನ ಅಶೋಕಚಕ್ರದಿಂದ ಒಂದೇ ಅಕ್ಷರವನ್ನು ಕಿತ್ತು, ಸ್ವರಾಜ್ಯದಲ್ಲಿ ಬೆಳೆಯತೊಡಗಿದ್ದ ಸ್ವಾರ್ಥವನ್ನು ಎತ್ತಿ ತೋರಿಸಿದರು. ಎಲ್ಲಕ್ಕೂ ಹೆಚ್ಚಾಗಿ ನನ್ನನ್ನು ಕಾಡಿದ ಹೆಸರೆಂದರೆ ೧೯೩೦ರ ದಶಕದ 'ಹರಿಜನ್ವಾರ'. ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಸಭಂಗ ಶ್ಲೇಷವೆನ್ನುವರು: ಪದವನ್ನು ಎಲ್ಲಿ ಒಡೆಯುವಿರೋ ಅದರಂತೆ ಅರ್ಥ ಬದಲಾಗುವದು. 'ಹರಿಜನ' ಎಂದು ಒಡೆದರೆ ಗಾಂಧೀಜಿಯವರ ಹರಿಜನ ಚಳವಳಿಯ ಮಾತು. 'ಹರಿ' ಎಂದು ನಿಲ್ಲಿಸಿ ಮುಂದಿನದನ್ನು ಓದಿದರೆ ಹರಿಯಬೇಕಾದದ್ದು ಜನಿವಾರ! ಅಸ್ಪೃಶ್ಯತೆಯನ್ನೂ ಅದನ್ನು ಕಾಯ್ದುಕೊಂಡ ಮಡಿವಂತರ ಡಂಭವನ್ನೂ ಆ ನಾಟಕ ನೇರವಾಗಿ ಹಿಡಿಯಿತು. ಬರೆದವರೂ ಜನಿವಾರದವರೇ ಎಂಬುದನ್ನು ಮರೆಯಬಾರದು.

ಇದನ್ನು ವಿಲಾಯತಿಯ ಗಾಳಿ ತಗಲಿದವರ ಉದ್ಧಟತನವೆಂದು ಕೆಲವರು ತಿಳಿದರು. ಸಂಸ್ಕೃತವನ್ನೋದಿದ ನನಗೆ ಹಾಗೆ ಅನಿಸಿಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯವನ್ನು ಆತ್ಮಸ್ಥ, ಪರಸ್ಥವೆಂದು ಎರಡಾಗಿ ವಿಂಗಡಿಸಿರುವನು; ಸ್ಮಿತದಿಂದ ಅತಿಹಸಿತದ ವರೆಗೆ ನಗೆಯ ಆರು ಮೆಟ್ಟಿಲುಗಳನ್ನೂ ಎಣಿಸಿರುವನು. ದಶರೂಪಕಗಳಲ್ಲಿ ಪ್ರಹಸನಕ್ಕೆ ಸ್ವತಂತ್ರ ಸ್ಥಾನವುಂಟು. ಏಳನೆಯ ಶತಮಾನದ ಪಲ್ಲವ ರಾಜ ಮಹೇಂದ್ರವರ್ಮನು ತನ್ನ 'ಮತ್ತವಿಲಾಸ'ದಲ್ಲಿ ಕಾಪಾಲಿಕನನ್ನೂ ಬೌದ್ಧ ಭಿಕ್ಷುವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನಕ್ಕನು. ಇನ್ನು ನಮ್ಮ ವಿದೂಷಕನು ಯಾರು? ಬ್ರಾಹ್ಮಣನು, ಆದರೆ ಸಂಸ್ಕೃತವಾಡದೆ ಪ್ರಾಕೃತವಾಡುವವನು, ವೇದಕ್ಕಿಂತ ಮೋದಕದ ಮೇಲೆ ಹೆಚ್ಚು ಲಕ್ಷ್ಯವುಳ್ಳವನು. ಆ ನಾಟಕಕಾರರು ವಿದ್ಯೆಯ ಸೋಗನ್ನು ನಗೆಗೀಡು ಮಾಡಲು ವಿದ್ಯಾವಂತರ ಕುಲದವನನ್ನೇ ಆರಿಸಿಕೊಂಡರು. ಸಂಸ್ಕೃತ ನಾಟಕಗಳ ಮೇಲೆ ೧೯೪೭ರಲ್ಲಿ ಆಂಗ್ಲ ಗ್ರಂಥವನ್ನೇ ಪ್ರಕಟಿಸಿದ ಶ್ರೀರಂಗರಿಗೆ ಇದೆಲ್ಲ ಕರತಲಾಮಲಕವಾಗಿತ್ತು. ಅವರು ನಮ್ಮ ಹಳೆಯ ಮನೆಯ ದೀಪವನ್ನೇ ಹೊತ್ತಿಸಿದರು. ಕಡ್ಡಿ ಮಾತ್ರ ಲಂಡನ್ನಿನದು.

ಇಲ್ಲಿ ನನ್ನ ಒಂದು ತಪ್ಪನ್ನು ಹೇಳಿಕೊಳ್ಳದೆ ಮುಂದೆ ಹೋಗುವದು ಸರಿಯಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ತಿಕೋಟೆಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಮಾಸ್ತರನಾಗಿದ್ದಾಗ, ವಾರ್ಷಿಕ ಗ್ಯಾದರಿಂಗಿಗೆ ಹುಡುಗರಿಂದ ಶ್ರೀರಂಗರ ಒಂದು ಏಕಾಂಕವನ್ನಾಡಿಸಿದೆನು. ಬಬಲೇಶ್ವರದ ಪರಿಚಿತ ಗೃಹಸ್ಥರೊಬ್ಬರು ಹಳೆಯ ರುಮಾಲು, ಉಪರಣೆಗಳನ್ನು ಕೊಟ್ಟಿದ್ದರು. ಹುಡುಗರು ಸೊಗಸಾಗಿ ಕಲಿತಿದ್ದರು. ಆದರೆ ಅದರಲ್ಲಿ ಮಡಿಯ ಸೋಗನ್ನು ಕುರಿತ ನಾಲ್ಕಾರು ಮಾತುಗಳಿದ್ದವು. ನೋಡಲು ಬರುವವರಲ್ಲಿ ನಮ್ಮ ತಂದೆಯವರೂ ಇದ್ದರು. ತ್ರಿಕಾಲ ಸಂಧ್ಯಾವಂದನೆ ಮಾಡುವ ವೃದ್ಧರು ಮುಂದಿನ ಸಾಲಿನಲ್ಲಿ ಕುಳಿತು ಮಗನ ಶಾಲೆಯಲ್ಲಿ ಅಂಥ ಮಾತು ಕೇಳಬೇಕೆ ಎಂದು ಅಳುಕಿ, ಹಿಂದಿನ ದಿನ ಆ ಮಾತುಗಳ ಮೇಲೆ ನಾನೇ ಗೆರೆ ಎಳೆದೆನು. ಯಾರೂ ನನಗೆ ಹೇಳಿರಲಿಲ್ಲ, ಒತ್ತಾಯಿಸಿರಲಿಲ್ಲ.

ನಾಟಕ ಸಪ್ಪಗಾಯಿತು. ಪರದೆ ಬಿದ್ದ ಮೇಲೆ ಮುಖ್ಯ ಪಾತ್ರ ಮಾಡಿದ ಹುಡುಗನು ರುಮಾಲು ಬಿಚ್ಚುತ್ತ, "ಸರ, ಮಂದಿ ನಗಲೇ ಇಲ್ರಿ" ಎಂದನು. ಅವನಿಗೇನು ಹೇಳಲಿ? ರಾತ್ರಿ ವಿಜಯಪುರಕ್ಕೆ ಮರಳುವ ಬಸ್ಸಿನಲ್ಲಿ ತಂದೆಯವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದು, ಊರಿನ ದೀಪಗಳು ಕಾಣಹತ್ತಿದಾಗ ಕೇಳಿದರು: "ಅಲ್ಲೋ, ನಡುವ ಕೆಲವು ಮಾತು ಬಿಟ್ಟೀರೇನು?" ನಾನು ತಡವರಿಸಿದೆನು. "ನಾ ಓದೀನಿ ಅದನ್ನ. ಆ ಮಾತಿಗೇ ನಗಬೇಕಾದದ್ದು. ಅಷ್ಟೂ ನಗದವರು ಅಂತ ತಿಳಿದೀಯೇನು ನಮ್ಮನ್ನ?" ಮುಂದೆ ಈ ವಿಷಯವನ್ನು ಅವರು ಎಂದೂ ಎತ್ತಲಿಲ್ಲ. ಈಗ ಅವರಿಲ್ಲ.

ಇರಲಿ, ಶ್ರೀರಂಗರ ಕಥೆಗೆ ಬರೋಣ. ಧಾರವಾಡದ ಪ್ರಾಧ್ಯಾಪಕ ವೃತ್ತಿ ಮುಗಿದ ಬಳಿಕ ಅವರು ಬೆಂಗಳೂರು ಆಕಾಶವಾಣಿಯಲ್ಲಿ ನಾಟಕ ವಿಭಾಗವನ್ನು ನೋಡಿಕೊಂಡರು. ೧೯೫೬ರಲ್ಲಿ, ಕರ್ನಾಟಕದ ಏಕೀಕರಣವಾದ ಆ ವರ್ಷವೇ, ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆ ಅವರ ಪಾಲಿಗೆ ಬಂದಿತು. ವಯಸ್ಸಾದಂತೆ ಅವರ ನಗೆ ಕಹಿಯಾಯಿತೆಂದು ಹೇಳುವವರುಂಟು, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. 'ಕತ್ತಲೆ ಬೆಳಕು', 'ಕೇಳು ಜನಮೇಜಯ' ಇವುಗಳಲ್ಲಿ ನಗುವವನು ಒಮ್ಮೆಲೆ ನಿಂತು ತನ್ನನ್ನೇ ಪ್ರಶ್ನಿಸಿಕೊಂಡಂತೆ ಭಾಸವಾಗುವದು. ಮೊದಲಿನ ಏಕಾಂಕಗಳ ಚುರುಕು ನನಗೆ ಹೆಚ್ಚು ಪ್ರಿಯ, ಆದರೆ ರಂಗಭೂಮಿಯವರು ಹಿಡಿದುಕೊಂಡದ್ದು ಈ ನಂತರದ ನಾಟಕಗಳನ್ನೇ. ಬಿ. ವಿ. ಕಾರಂತರು 'ಕೇಳು ಜನಮೇಜಯ'ವನ್ನು ಹಿಂದಿಗೆ ತಂದುದರಿಂದ ಅದು ದಿಲ್ಲಿಯ ರಂಗವನ್ನೂ ಕಂಡಿತು. ೧೯೬೭ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ೧೯೭೧ರಲ್ಲಿ 'ಕಾಳಿದಾಸ' ಎಂಬ ವಿಮರ್ಶಾಗ್ರಂಥಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ೧೯೭೨ರಲ್ಲಿ ಪದ್ಮಭೂಷಣ ದೊರೆತವು. ೧೯೮೪ರ ಅಕ್ಟೋಬರದಲ್ಲಿ ಅವರು ತೀರಿಕೊಂಡರು. ನಾಟ್ಯಶಾಸ್ತ್ರದ ಅವರ ಆಂಗ್ಲ ಅನುವಾದವು ಆ ಮೇಲೆ ಅಚ್ಚಾಯಿತು. ಆಂಗ್ಲದಲ್ಲಿ ಕಾದಂಬರಿಗಳನ್ನು ಬರೆದು ಹೆಸರಾದ ಶಶಿ ದೇಶಪಾಂಡೆಯವರು ಇವರ ಮಗಳು.

ನಮ್ಮ ವಿಜಯಪುರದ ರಂಗಮಂದಿರಕ್ಕೆ ಇನ್ನೊಬ್ಬ ನಾಟಕಕಾರರಾದ ಕಂದಗಲ್ಲ ಹನುಮಂತರಾಯರ ಹೆಸರಿರುವದು, ಅದು ಯೋಗ್ಯವೇ. 'ರಕ್ತರಾತ್ರಿ'ಯ ಆ ಗುಡುಗು ಈ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಮೊಳಗಿದ್ದುಂಟು. ಶ್ರೀರಂಗರದು ಗುಡುಗಿನ ದನಿಯಲ್ಲ. ಅವರ ಏಕಾಂಕಗಳಿಗೆ ರಂಗಮಂದಿರವೂ ಬೇಡ. ಊಟವಾದ ಮೇಲೆ ನಾಲ್ಕು ಜನ ಸುತ್ತ ಕುಳಿತು ಪಾತ್ರ ಹಂಚಿಕೊಂಡು ಓದಿದರೂ ಸಾಕು. ಈ ದೀಪಾವಳಿಯ ರಾತ್ರಿ ನಮ್ಮ ಮನೆಯ ಪಡಸಾಲೆಯಲ್ಲಿ ಹಾಗೆ ಓದುವದೆಂದು ಗೊತ್ತಾಗಿದೆ. ಮೊಮ್ಮಗಳಿಗೆ ಹಿರಿಯ ಪಾತ್ರ, ನಮ್ಮ ಮನೆಯವರಿಗೆ ನೆರೆಮನೆಯಾಕೆಯ ಪಾತ್ರ. ಅಂದು ಗೆರೆ ಎಳೆದ ಮಾತುಗಳುಳ್ಳ ಪಾತ್ರವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಪುಸ್ತಕವು ಅದೇ ಹಳೆಯ ಪ್ರತಿ. ನನ್ನ ಪೆನ್ಸಿಲ್ಲಿನ ಗೆರೆ ಇನ್ನೂ ಹಾಗೆಯೇ ಇದೆ.